ಬಾಕಿ ಪುಸ್ತಕ ತೆರೆದು ನೋಡಿ: ಪ್ಯಾಕರ್ಸ್-ಮೂವರ್ಸ್ ಉದ್ದಿಮೆಯಲ್ಲಿ ಜೀತ ತಡೆ ಕುರಿತು ಓದುಗರ ಪ್ರಶ್ನೆಗಳು

ಮನೆ, ಕಚೇರಿಗಳ ಸಾಮಾನು ಸಾಗಿಸುವ ಉದ್ದಿಮೆಯಲ್ಲಿ ದುಡಿಯುವವರ ಸ್ಥಿತಿಗತಿ ಕುರಿತು ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಮಾಲೀಕರು, ಗಿರಾಕಿಗಳು, ದುಡಿಯುವವರು ಮೂವರೂ ಬರೆದಿದ್ದಾರೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಪ್ಯಾಕರ್ಸ್ ಅಂಡ್ ಮೂವರ್ಸ್ ಕಂಪನಿ. ನಮ್ಮ ಸಂಬಳದ ಪಟ್ಟಿಯಲ್ಲಿ 22 ಜನ ಇದ್ದಾರೆ, ಮೇಸ್ತ್ರಿ ಮೂಲಕ ಬರುವ ಹುಡುಗರು ಸುಮಾರು 40. ಲಂಡನ್ ಮೂಲದ ಗಿರಾಕಿ ಕಂಪನಿಯೊಂದು ‘ಆಧುನಿಕ ಗುಲಾಮಗಿರಿ ತಡೆ’ ಎಂಬ ಉದ್ದನೆಯ ಫಾರಂ ಕಳಿಸಿದೆ. ನಾವು ಯಾರನ್ನೂ ಕಟ್ಟಿಹಾಕಿಲ್ಲ. ಎಲ್ಲದಕ್ಕೂ ‘ಇಲ್ಲ’ ಎಂದು ಬರೆದು ಕಳಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ಫಾರಂ ಏಕೆ ಬಂತು ಎಂಬುದನ್ನು ಮೊದಲು ಹೇಳುತ್ತೇವೆ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, ಅಲ್ಲಿ ವ್ಯವಹಾರ ಮಾಡುವ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಹೆಚ್ಚು ವಹಿವಾಟಿರುವ ಕಂಪನಿಗಳು ತಮ್ಮಲ್ಲೂ ತಮಗೆ ಸರಕು, ಸೇವೆ ಒದಗಿಸುವವರಲ್ಲೂ ಬಲವಂತದ ದುಡಿಮೆ ತಡೆಯಲು ಏನು ಮಾಡಿದೆವೆಂದು ಪ್ರತಿ ವರ್ಷ ಹೇಳಿಕೆ ಪ್ರಕಟಿಸಬೇಕು. ಆಸ್ಟ್ರೇಲಿಯಾದಲ್ಲಿ 2018ರ ಕಾಯ್ದೆ ಇಂಥದ್ದೇ. ಅಲ್ಲಿನ ಮಿತಿ 10 ಕೋಟಿ ಡಾಲರ್ ಆದಾಯ. ಅವರ ನೌಕರರ ಮನೆ ಸಾಮಾನು ಸಾಗಿಸುವವರು ನೀವು. ಹಾಗಾಗಿ ಅವರ ಹೇಳಿಕೆಯಲ್ಲಿ ನಿಮ್ಮ ಗೋದಾಮಿನ ಲೆಕ್ಕವೂ ಸೇರುತ್ತದೆ.

ಲಂಡನ್ನಿನ ಫಾರಂ ಬಾರದಿದ್ದರೂ ನಮ್ಮ ನೆಲದ ಕಾನೂನು ಇದಕ್ಕಿಂತ ಹಳೆಯದು, ಇದಕ್ಕಿಂತ ಬಿಗಿ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. ಸುಗ್ರೀವಾಜ್ಞೆಯೊಂದರ ಮೂಲಕ 1975ರ ಅಕ್ಟೋಬರ್ 25ರಿಂದ ಜೀತ ರದ್ದಾಯಿತು, 1976ರಲ್ಲಿ ಅದೇ ಕಾಯ್ದೆಯಾಯಿತು. ಆ ಕಾಯ್ದೆಯಲ್ಲಿ ಸರಪಳಿಯ ಮಾತೇ ಇಲ್ಲ. ಒಬ್ಬ ಮುಂಗಡ ಪಡೆದಿದ್ದಾನೆ. ಅದರ ಕಾರಣಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುತ್ತಾನೆ, ಇಲ್ಲವೇ ಬೇರೆಡೆ ಕೆಲಸಕ್ಕೆ ಹೋಗುವಂತಿಲ್ಲ, ಇಲ್ಲವೇ ಇಷ್ಟ ಬಂದಾಗ ಊರಿಗೆ ಹೋಗುವಂತಿಲ್ಲ. ಇವುಗಳಲ್ಲಿ ಒಂದಿದ್ದರೂ ಅದು ಜೀತ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಸಿವಿನ ಒತ್ತಡದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದಿತು. ಸಾಲ ಜೀತದ ಸಾಲ ಎಂದು ದುಡಿಯುವವನು ದೂರಿದರೆ, ಅದು ಹಾಗಲ್ಲವೆಂದು ತೋರಿಸಿಕೊಡುವ ಹೊಣೆ ಸಾಲ ಕೊಟ್ಟವನದು. ಜೀತ ಮಾಡಿಸಿದವರಿಗೆ 3 ವರ್ಷದವರೆಗೆ ಸೆರೆವಾಸವಿದೆ, ನೆರವಾದವರಿಗೂ ಅಷ್ಟೇ.

ನಿಮ್ಮ 22 ಜನರ ವಿಷಯದಲ್ಲಿ ನಿಮ್ಮ ಮಾತು ನಿಜವಿರಬಹುದು. ಮೇಸ್ತ್ರಿಯ 40 ಜನರ ಬಗ್ಗೆ ನಿಮಗೆ ಗೊತ್ತಿರುವುದೆಷ್ಟು? ಅವರ ಹೆಸರು, ಊರು, ಈ ತಿಂಗಳು ಕೈಗೆ ಸಿಕ್ಕ ಹಣ, ಮೇಸ್ತ್ರಿಗೆ ಕೊಡಬೇಕಾದ ಬಾಕಿ ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆಯಲು ಕುಳಿತುಕೊಳ್ಳಿ. ಬರೆಯಲಾಗದ ಕಡೆ ‘ಗೊತ್ತಿಲ್ಲ, ಇಂಥ ತಿಂಗಳೊಳಗೆ ತಿಳಿದುಕೊಳ್ಳುತ್ತೇವೆ’ ಎಂದು ಫಾರಂನಲ್ಲಿ ತುಂಬಿ. ಈ ಪರಿಶೀಲನೆ ಬಲ್ಲ ಗಿರಾಕಿ ಕಂಪನಿಗೆ, ಎಲ್ಲ ಕಡೆ ‘ಇಲ್ಲ’ ಎಂದಿರುವ ಫಾರಂ ನೋಡಿದಾಗಲೇ ಸಂಶಯ ಹುಟ್ಟುವುದು.

ಪ್ರಶ್ನೆ: ಮುಂಗಡ ಕೊಡದೆ ಹುಡುಗರು ಬರುವುದೇ ಇಲ್ಲ. ಒಡಿಶಾ, ಜಾರ್ಖಂಡ್‌ನಿಂದ ಕರೆತರುವಾಗ ಮೇಸ್ತ್ರಿ ತಲೆಗೆ ಹತ್ತು-ಹದಿನೈದು ಸಾವಿರ ಕೊಟ್ಟಿರುತ್ತಾನೆ. ಮುಂಗಡ ಕೊಡುವುದೇ ತಪ್ಪೆಂದರೆ ವ್ಯಾಪಾರ ನಡೆಸುವುದು ಹೇಗೆ? (ಬೆಂಗಳೂರಿನ ಮತ್ತೊಬ್ಬ ಮಾಲೀಕರು)

ಉತ್ತರ: ಮುಂಗಡ ಕೊಡುವುದು ತಪ್ಪಲ್ಲ. ಅದು ತೀರದಂತೆ ನೋಡಿಕೊಳ್ಳುವುದು ತಪ್ಪು. ಮೇಸ್ತ್ರಿಯ ಬಾಕಿ ಪುಸ್ತಕ ಹೇಗೆ ಕೆಲಸ ಮಾಡುತ್ತದೆಂದು ಒಂದು ಉದಾಹರಣೆಯ ಲೆಕ್ಕದಲ್ಲಿ ನೋಡೋಣ.

ಮುಂಗಡ 15,000 ರೂಪಾಯಿ. ದಿನಗೂಲಿ 500 ಎಂದು ಮಾತು. 26 ದಿನ ದುಡಿದರೆ 13,000 ಆಗಬೇಕು. ಅದರಲ್ಲಿ ಊಟಕ್ಕೆ ದಿನಕ್ಕೆ 130ರಂತೆ 30 ದಿನಕ್ಕೆ 3,900; ರೂಮಿಗೆ 1,500; ಟೀ ಶರ್ಟ್, ಕೈಗವಸು, ಬೆಲ್ಟಿಗೆ 600. ಮೂರನೇ ಮಹಡಿಯಿಂದ ಇಳಿಸುವಾಗ ಟಿವಿಯ ಪರದೆ ಬಿರುಕು ಬಿಟ್ಟಿತು ಅಂತ 6,000. ಎಲ್ಲ ಸೇರಿ ಕಡಿತ 12,000, ಉಳಿದದ್ದು 1,000. ಆ ತಿಂಗಳು ಊರಿಗೆ 5,000 ಕಳಿಸಲೇಬೇಕಿತ್ತು, ಮೇಸ್ತ್ರಿ ಕೊಟ್ಟ. ಕೊರತೆ ಬಿದ್ದ 4,000 ಹಳೆಯ ಮುಂಗಡಕ್ಕೆ ಸೇರಿತು. ಒಂದು ತಿಂಗಳು ಬೆನ್ನು ಮುರಿದು ದುಡಿದ ಮೇಲೆ ಬಾಕಿ 15,000 ಇದ್ದದ್ದು 19,000 ಆಯಿತು. ಇಲ್ಲಿ ಬಡ್ಡಿಯನ್ನು ಸೇರಿಸಿಯೇ ಇಲ್ಲ. ಆ ಹುಡುಗ ಕೆಲಸ ಬಿಡುವುದಾದರೂ ಹೇಗೆ?

ಈಗ ಕಾನೂನನ್ನು ಈ ಲೆಕ್ಕದ ಪಕ್ಕ ಇಡಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧ ದಾಟುವಂತಿಲ್ಲ. ಮೇಲಿನ ಲೆಕ್ಕದಲ್ಲಿ ಅದು 92%. ಸಾಮಾನು ಒಡೆದದ್ದಕ್ಕೆ ಕಡಿತ ಮಾಡಬೇಕಾದರೆ ಅದು ಅವನ ವಶಕ್ಕೇ ಒಪ್ಪಿಸಿದ ವಸ್ತುವಾಗಿರಬೇಕು, ನಷ್ಟ ಅವನ ಅಜಾಗರೂಕತೆಯಿಂದಲೇ ಆಗಿರಬೇಕು, ಕಡಿತಕ್ಕೆ ಮೊದಲು ಅವನ ಮಾತು ಕೇಳಿರಬೇಕು. ನಾಲ್ವರು ಹಗ್ಗ ಹಿಡಿದು ಇಳಿಸುವ ಟಿವಿಗೆ ಒಬ್ಬನನ್ನು ಹೊಣೆ ಮಾಡುವುದು ಹೇಗೆ? ಸಾಗಣೆ ವಿಮೆಯ ಹಣವನ್ನು ಗಿರಾಕಿಯಿಂದ ಆಗಲೇ ಪಡೆದಿದ್ದೀರಿ. ಅದೇ ಒಡಕಿಗೆ ಹುಡುಗನ ಕೂಲಿಯನ್ನೂ ಹಿಡಿದರೆ ಒಂದೇ ನಷ್ಟವನ್ನು ಎರಡು ಕಡೆ ವಸೂಲು ಮಾಡಿದಂತೆ. ಇನ್ನೊಂದು ಅಂಶವನ್ನು ಮಾಲೀಕರು ಗಮನಿಸುವುದು ಅಪರೂಪ: ಕೆಲಸಕ್ಕೆ ಸೇರುವ ಮುನ್ನ ಪ್ರಯಾಣದ ಖರ್ಚಿಗೆಂದು ಕೊಟ್ಟ ಮುಂಗಡವನ್ನು ಸಂಬಳದಿಂದ ವಸೂಲು ಮಾಡುವಂತೆಯೇ ಇಲ್ಲ. ರೈಲು ಟಿಕೆಟ್ಟಿನ ಹಣ ಬಾಕಿ ಪುಸ್ತಕಕ್ಕೆ ಹತ್ತಬಾರದು.

ಹಾಗಾದರೆ ಮಾಡಬೇಕಾದ್ದೇನು? ಮುಂಗಡ ಕೊಡುವುದನ್ನು ಮೇಸ್ತ್ರಿಯ ಕೈಯಿಂದ ತೆಗೆದು ಕಂಪನಿಯ ಲೆಕ್ಕಕ್ಕೆ ತನ್ನಿ. ಒಂದು ತಿಂಗಳ ಕೂಲಿಗಿಂತ ಹೆಚ್ಚು ಮುಂಗಡ ಬೇಡ, ಬಡ್ಡಿ ಬೇಡವೇ ಬೇಡ. ತಿಂಗಳ ಕಂತು ಕೂಲಿಯ ಹತ್ತನೇ ಒಂದು ಭಾಗ ಮೀರದಿರಲಿ. ಹುಡುಗನಿಗೆ ಓದಲು ಬರುವ ಭಾಷೆಯಲ್ಲಿ ಚೀಟಿ ಬರೆದು, ಅದರಲ್ಲಿ ‘ಬಾಕಿ ಇದ್ದರೂ ಕೆಲಸ ಬಿಟ್ಟು ಹೋಗಬಹುದು’ ಎಂಬ ಒಂದು ಸಾಲು ಸೇರಿಸಿ. ಬಿಟ್ಟು ಹೋದವನ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಿ, ಅದೂ ಕಾನೂನೇ. ಉಳಿದ ಬಾಕಿ ಮುಳುಗಿದರೆ ಮುಳುಗಲಿ, ಅದನ್ನು ವ್ಯಾಪಾರದ ಖರ್ಚಿಗೆ ಹಾಕಿ. ಅವನ ತಮ್ಮನನ್ನು, ಊರಿನವರನ್ನು ಜಾಮೀನು ಎಂದು ಹಿಡಿದರೆ ಆ ಕ್ಷಣವೇ ಅದು ಜೀತವಾಗುತ್ತದೆ.

ಸಾಲ ಬೆಳೆಯುವ ಕಾಲವೊಂದಿದೆ, ಅದು ಆಷಾಢ. ನಮ್ಮಲ್ಲಿ ಆಷಾಢದಲ್ಲಿ, ಮತ್ತೆ ಧನುರ್ಮಾಸದಲ್ಲಿ ಮನೆ ಬದಲಿಸುವವರು ಕಡಿಮೆ. ಲಾರಿಗಳು ನಿಲ್ಲುತ್ತವೆ, ದಿನಗೂಲಿ ನಿಲ್ಲುತ್ತದೆ, ರೂಮಿನ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಆ ನಾಲ್ಕು ವಾರ ಮೇಸ್ತ್ರಿಯ ಕೈಸಾಲದಲ್ಲೇ ಬದುಕಿದವನಿಗೆ ಶ್ರಾವಣದ ತಿಂಗಳ ಕೊನೆಯಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ ಎರಡೆರಡು ಮನೆ ಸಾಗಿಸಬೇಕೆಂದರೂ ‘ಆಗಲ್ಲ’ ಎನ್ನುವ ಬಾಯಿ ಇರುವುದಿಲ್ಲ. ಆದ್ದರಿಂದ ಕೆಲಸವಿಲ್ಲದ ದಿನಗಳಲ್ಲಿ ವಾರಕ್ಕೆ ಕನಿಷ್ಠ ನಾಲ್ಕು ದಿನದ ಕೂಲಿ ಖಾತ್ರಿ ಮಾಡಿ. ಗೋದಾಮು ಶುಚಿ, ಹಳೆಯ ಕಂಬಳಿಗಳ ದುರಸ್ತಿ, ಪೆಟ್ಟಿಗೆಗಳ ವಿಂಗಡಣೆ, ಪ್ಯಾಕಿಂಗ್ ತರಬೇತಿ, ಇಷ್ಟಕ್ಕೆ ಕೆಲಸ ಇದ್ದೇ ಇರುತ್ತದೆ. ಸಾಲದ ಬೇರಿಗೇ ಕೊಡಲಿ ಹಾಕುವ ಉಪಾಯ ಇದು.

ಕೊನೆಯದಾಗಿ ಮೇಸ್ತ್ರಿಗೆ ನೀವು ಕೊಡುವ ದರವನ್ನು ಬಿಡಿಸಿ ನೋಡಿ. ಹುಡುಗನ ಕೈಗೂಲಿ 700 ಇರಬೇಕೆಂದುಕೊಳ್ಳಿ. ಪಿಎಫ್‌ಗೆ ಮಾಲೀಕರ ಪಾಲು 12%, ಅಂದರೆ 84. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ 3.25%, ಸುಮಾರು 23. ವಾರದ ರಜೆಯ ಪಾಲು, ಆರರಲ್ಲಿ ಒಂದು, ಸುಮಾರು 117. ಇಷ್ಟಕ್ಕೇ 924 ಆಯಿತು. ಮೇಸ್ತ್ರಿಯ ಕಮಿಷನ್ ಇನ್ನೂ ಸೇರಿಲ್ಲ. ನೀವು ತಲೆಗೆ 800 ಕೊಟ್ಟು ‘ಎಲ್ಲ ಕಾನೂನು ಪಾಲಿಸುತ್ತಾನೆ’ ಎಂದು ಸಹಿ ಹಾಕಿಸಿಕೊಂಡಿದ್ದರೆ ಆ ಸಹಿಗೆ ಬೆಲೆಯಿಲ್ಲ. ಕಡಿಮೆ ಬಿದ್ದ ಹಣ ಯಾರ ಹೊಟ್ಟೆಯಿಂದ ಹೋಗುತ್ತಿದೆ ಎಂಬುದು ನಿಮ್ಮ ದರಪತ್ರದಲ್ಲೇ ಬರೆದಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕಾನೂನು ಕೊನೆಗೆ ಬಂದು ನಿಲ್ಲುವುದೂ ನಿಮ್ಮ ಬಾಗಿಲಿಗೇ.

ಪ್ರಶ್ನೆ: ಸಾಗಣೆ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿದ್ದೇನೆ. ಕೂಲಿಯನ್ನು ಬ್ಯಾಂಕ್ ಖಾತೆಗೇ ಹಾಕುತ್ತೇವೆ, ಹಾಜರಿ ಪುಸ್ತಕ ಸರಿಯಾಗಿದೆ. ಆದರೂ ಒಳಗೆ ಏನೋ ಸರಿಯಿಲ್ಲ ಅನಿಸುತ್ತದೆ. ಪರಿಶೀಲನೆ ಹೇಗೆ ಮಾಡಲಿ? (ಓದುಗರು, ಹುಬ್ಬಳ್ಳಿ)

ಉತ್ತರ: ಬ್ಯಾಂಕಿಗೆ ಹಾಕಿದ ಹಣ ಹುಡುಗನ ಕೈ ಸೇರಿತೆಂದು ಹೇಳಲಾಗದು. ಎಟಿಎಂ ಕಾರ್ಡುಗಳ ಕಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ಮೇಸ್ತ್ರಿಯೇ ಇಟ್ಟುಕೊಂಡು, ಏಳನೇ ತಾರೀಖು ಹಣ ತೆಗೆಯುವುದು ಈ ಕ್ಷೇತ್ರದಲ್ಲಿ ಮಾಮೂಲಿ ಮೋಸ. ಸಂಬಳದ ಪಟ್ಟಿಯಲ್ಲಿ ಒಂದೇ ಮೊಬೈಲ್ ನಂಬರು ಎರಡು ಮೂರು ಹೆಸರುಗಳ ಮುಂದೆ ಇದೆಯೇ, ಒಂದೇ ಖಾತೆಗೆ ಇಬ್ಬರ ಕೂಲಿ ಹೋಗುತ್ತಿದೆಯೇ ನೋಡಿ. ಹಣ ಬಂದ ಮೆಸೇಜ್ ಹುಡುಗನ ಫೋನಿನಲ್ಲೇ ಇದೆಯೇ ಎಂದು ಕೇಳಿ ನೋಡಿ.

ಹಾಜರಿ ಪುಸ್ತಕವನ್ನು ಅದರ ಪಾಡಿಗೆ ನೋಡಬೇಡಿ; ಜಾಬ್ ಶೀಟಿನ ಪಕ್ಕ ಇಟ್ಟು ನೋಡಿ. ಮನೆಯವರು ಸಾಮಾನು ಮುಟ್ಟಿತೆಂದು ಸಹಿ ಹಾಕಿದ ಸಮಯ ರಾತ್ರಿ 10.40, ಹಾಜರಿಯಲ್ಲಿ ‘ಸಂಜೆ 6ಕ್ಕೆ ಬಿಡುಗಡೆ’. ಅಪಾರ್ಟ್‌ಮೆಂಟಿನ ಗೇಟ್ ರಿಜಿಸ್ಟರ್, ಲಾರಿಯ ಜಿಪಿಎಸ್, ಫಾಸ್ಟ್ಯಾಗ್ ಇವೂ ಸಾಕ್ಷಿಗಳೇ. ದೊಡ್ಡ ಲಾರಿಗೆ ಹಗಲು ಪ್ರವೇಶವಿಲ್ಲದ ರಸ್ತೆಗಳಲ್ಲಿ ಲೋಡಿಂಗ್ ನಡೆಯುವುದೇ ರಾತ್ರಿ. ಆ ತಾಸುಗಳು ಪುಸ್ತಕದಲ್ಲಿ ಕಾಣದಿದ್ದರೆ ಓಟಿಯ ಹಣ, ಅಂದರೆ ಕಾನೂನಿನಂತೆ ಎರಡು ಪಟ್ಟು ಕೂಲಿ, ಯಾರಿಗೂ ಸಿಕ್ಕಿಲ್ಲ.

ಹುಡುಗರೊಂದಿಗೆ ಮಾತಾಡುವಾಗ ಯಾರೊಂದಿಗೆ ಮಾತಾಡಬೇಕೆಂದು ಮೇಸ್ತ್ರಿ ಆರಿಸಬಾರದು, ಆ ಹೊತ್ತಿನಲ್ಲಿ ಮೇಸ್ತ್ರಿ ಆ ಕಡೆ ಸುಳಿಯಲೂಬಾರದು. ಗೋದಾಮು ಬೇಡ, ಅವರ ರೂಮಿಗೆ ಅಥವಾ ಟೀ ಅಂಗಡಿಗೆ ಹೋಗಿ. ಒಡಿಯಾ, ಬಾಂಗ್ಲಾ, ಹಿಂದಿ ಅವರವರ ಭಾಷೆ ಬಲ್ಲವರು ಜೊತೆಗಿರಲಿ, ಆದರೆ ಅವರು ಮೇಸ್ತ್ರಿಯ ಕಡೆಯವರಾಗಿರಬಾರದು. ಒಬ್ಬನನ್ನೇ ಕೂರಿಸಿಕೊಂಡರೆ ಆಮೇಲೆ ಅವನ ಮೇಲೆಯೇ ಕಣ್ಣು ಬೀಳುತ್ತದೆ. ಮೂರು ನಾಲ್ಕು ಜನರೊಂದಿಗೆ ಬೇರೆ ಬೇರೆ ದಿನ ಮಾತಾಡಿ, ಹೆಸರು ಬರೆಯಬೇಡಿ. ‘ನಿನ್ನನ್ನು ಜೀತಕ್ಕಿಟ್ಟಿದ್ದಾರಾ?’ ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ‘ನಾಳೆ ಊರಿಗೆ ಹೋಗಬೇಕೆಂದರೆ ಯಾರನ್ನು ಕೇಳಬೇಕು?’ ಎಂದು ಕೇಳಿ. ‘ಆಧಾರ್ ಎಲ್ಲಿದೆ, ಈಗ ತೋರಿಸ್ತೀಯಾ?’ ಎನ್ನಿ. ಇಲ್ಲಿಗೆ ಬರುವ ಮುಂಚೆ ಹೇಳಿದ ಕೂಲಿ ಎಷ್ಟು, ಈಗ ಸಿಗುತ್ತಿರುವುದೆಷ್ಟು? ಕೆಲಸ ಬಿಟ್ಟು ಹೋದ ಕಡೆಯವನಿಗೆ ಏನಾಯಿತು? ಈ ಕೊನೆಯ ಪ್ರಶ್ನೆಗೆ ಉತ್ತರ ಬರುವ ಮುಂಚೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಮತ್ತೊಮ್ಮೆ ಬರಬೇಕೆಂದು ತಿಳಿಯಿರಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಗೆ 11 ಸೂಚನೆಗಳನ್ನು ಗುರುತಿಸಿದೆ. ಸಾಗಣೆ ಉದ್ದಿಮೆಯಲ್ಲಿ ಮೊದಲು ಹುಡುಕಬೇಕಾದವು ಐದು: ಸಾಲದ ಬಿಗಿ, ಕೂಲಿ ತಡೆಹಿಡಿಯುವುದು, ಗುರುತಿನ ಚೀಟಿ ಕಸಿದಿಟ್ಟುಕೊಳ್ಳುವುದು, ಮಿತಿಮೀರಿದ ದುಡಿಮೆ, ಮೋಸದ ನೇಮಕಾತಿ. ರೂಮಿಗೆ ಹೋದಾಗ ಬಾಗಿಲ ಬೀಗ ಯಾವ ಕಡೆಯಿಂದ ಹಾಕುವಂತಿದೆ ನೋಡಿ. ಗೋದಾಮಿನಲ್ಲೇ, ಬಬಲ್ ರ‍್ಯಾಪ್ ಸುರುಳಿಗಳ ಮೇಲೆ ಮಲಗುವ ವ್ಯವಸ್ಥೆಯಿದ್ದು ರಾತ್ರಿ ಶಟರ್‌ಗೆ ಹೊರಗಿನಿಂದ ಬೀಗ ಬೀಳುತ್ತಿದ್ದರೆ ಅದನ್ನು ಅಂದೇ ನಿಲ್ಲಿಸಬೇಕು. ಬೆಂಕಿ ಬಿದ್ದರೆ ರಟ್ಟು, ಪ್ಲಾಸ್ಟಿಕ್ ನಡುವೆ ಒಬ್ಬನೂ ಉಳಿಯುವುದಿಲ್ಲ.

ಜೀತ ಕಂಡುಬಂದರೆ ಏನು ಮಾಡಬಾರದೆಂಬುದು ಇನ್ನೂ ಮುಖ್ಯ. ಮೇಸ್ತ್ರಿಗೆ ಫೋನು ಮಾಡಿ ಬೈಯಬೇಡಿ. ಅವನು ರಾತ್ರೋರಾತ್ರಿ ಹುಡುಗರನ್ನು ಬೇರೆಡೆ ಸಾಗಿಸಿ, ಪುಸ್ತಕ ಸುಟ್ಟುಬಿಡುತ್ತಾನೆ. ಗುತ್ತಿಗೆ ರದ್ದು ಮಾಡಿ ಕೈತೊಳೆದುಕೊಳ್ಳಲೂ ಬೇಡಿ. ಬೀದಿಗೆ ಬೀಳುವವರು ಹುಡುಗರೇ, ಸಾಲ ಅವರ ಬೆನ್ನ ಮೇಲೇ ಉಳಿಯುತ್ತದೆ. ಬಾಕಿ ಪುಸ್ತಕ, ಹಾಜರಿ, ಕಾರ್ಡುಗಳ ಫೋಟೊ ತೆಗೆದಿಡಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಿ. ದಾಖಲೆಗಳನ್ನು ಅಂದೇ ವಾಪಸು ಕೊಡಿಸಿ. ಬರಬೇಕಾದ ಕೂಲಿಯನ್ನು ಕಂಪನಿಯೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಉಳಿಯಲಿಚ್ಛಿಸುವವರನ್ನು ನೇರ ನೇಮಕ ಮಾಡಿಕೊಳ್ಳಿ, ಹೊರಡುವವರಿಗೆ ಟಿಕೆಟ್ ತೆಗೆದುಕೊಡಿ.

ಪ್ರಶ್ನೆ: ನಾವು ರಟ್ಟಿನ ಪೆಟ್ಟಿಗೆ, ಮರದ ಕ್ರೇಟು, ಬಾಡಿಗೆ ಲಾರಿ ಎಲ್ಲ ಹೊರಗಿನಿಂದ ತರುತ್ತೇವೆ. ಅವರ ಕಾರ್ಖಾನೆಯಲ್ಲಿ ಏನಾಗುತ್ತದೆಂದು ನಾವು ಹೇಗೆ ನೋಡುವುದು? (ಮಾಲೀಕರು, ಮಂಗಳೂರು)

ಉತ್ತರ: ಯಾರಿಗೆ ಹೆಚ್ಚು ಹಣ ಕೊಡುತ್ತೀರೆಂದು ನೋಡಿ ಪಟ್ಟಿ ಮಾಡಿದರೆ ಟೇಪ್, ಡೀಸೆಲ್ ಮೊದಲು ಬರುತ್ತವೆ. ದುಡಿಯುವವರು ಯಾರ ಕಣ್ಣಿಗೂ ಬೀಳದ ಜಾಗ ಯಾವುದೆಂದು ನೋಡಿ ಪಟ್ಟಿ ಮಾಡಿ.

ಮೊದಲು ಲಾರಿ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,150 ಕಿ.ಮೀ. ಸರಾಸರಿ ಗಂಟೆಗೆ 40 ಕಿ.ಮೀ. ಎಂದರೂ ಸ್ಟೀರಿಂಗ್ ಹಿಡಿಯುವುದೇ 54 ತಾಸು. ದಿನಕ್ಕೆ 8 ತಾಸಿನಂತೆ ಒಬ್ಬನೇ ಡ್ರೈವರ್ ಹೋದರೆ ಸುಮಾರು 7 ದಿನ. ‘4 ದಿನದಲ್ಲಿ ಡೆಲಿವರಿ’ ಎಂದು ಗಿರಾಕಿಗೆ ಮಾತು ಕೊಟ್ಟು ಒಬ್ಬನೇ ಡ್ರೈವರ್ ಇರುವ ಲಾರಿಗೆ ಸಾಮಾನು ಹತ್ತಿಸಿದರೆ ದಿನಕ್ಕೆ 13 ತಾಸಿಗೂ ಹೆಚ್ಚು ಓಡಿಸಲು ಹೇಳಿದ್ದು ನೀವೇ. ಇಬ್ಬರು ಡ್ರೈವರ್ ಇರಲೇಬೇಕೆಂದು ಕರಾರಿನಲ್ಲಿ ಬರೆಯಿರಿ. ತಡವಾದರೆ ದಂಡ ಎಂಬ ಷರತ್ತನ್ನು ತೆಗೆಯಿರಿ. ಆ ದಂಡ ಲಾರಿ ಮಾಲೀಕನ ಜೇಬಿನಿಂದ ಹೋಗುವುದಿಲ್ಲ, ಡ್ರೈವರನ ಬತ್ತಾದಿಂದ ಹೋಗುತ್ತದೆ. ಕ್ಲೀನರ್ ಎಂದು ಕೂತಿರುವವನ ವಯಸ್ಸನ್ನು ಲೋಡಿಂಗ್ ವೇಳೆಯಲ್ಲೇ ಕೇಳಿ.

ಮರದ ಕ್ರೇಟು ಎರಡನೆಯದು. ಹೊರದೇಶಕ್ಕೆ ಹೋಗುವ ಮರದ ಪ್ಯಾಕಿಂಗಿಗೆ ಐಎಸ್‌ಪಿಎಂ 15 ಎಂಬ, ಮರದ ಹುಳು ಹರಡದಂತೆ ತಡೆಯುವ ಅಂತರರಾಷ್ಟ್ರೀಯ ನಿಯಮದಂತೆ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಬೇಕು, ಇಲ್ಲವೇ ಹೊಗೆ ಹಾಕಿಸಬೇಕು. ಹಾಗೆ ಮಾಡಿದ್ದಕ್ಕೆ ಗೋಧಿ ತೆನೆಯ ಗುರುತು, ಐಎನ್ ಎಂಬ ದೇಶದ ಅಕ್ಷರ, ಒಂದು ನೋಂದಣಿ ಸಂಖ್ಯೆ ಇರುವ ಮೊಹರು ಬೀಳುತ್ತದೆ. ಆ ಸಂಖ್ಯೆಯ ಜಾಡು ಹಿಡಿದರೆ ಮರ ಕಾಯಿಸಿದ ಜಾಗ ತಲುಪಬಹುದು, ಅಲ್ಲಿಂದ ಹಲಗೆ ಕೊಯ್ದ ಸಾ ಮಿಲ್ಲಿಗೆ. ಮಿಲ್ಲಿನ ಒಳಗೇ ಕುಟುಂಬಗಳು ವಾಸವಾಗಿದ್ದರೆ, ಗಂಡನ ಮುಂಗಡಕ್ಕೆ ಹೆಂಡತಿ-ಮಕ್ಕಳೂ ಹಲಗೆ ಜೋಡಿಸುತ್ತಿದ್ದರೆ, ಕೂಲಿ ತಲೆಗಲ್ಲ ‘ಜೋಡಿ’ಗೆ ಲೆಕ್ಕವಾಗುತ್ತಿದ್ದರೆ ನಿಮ್ಮ ಕ್ರೇಟು ಜೀತದ ಕೈಯಲ್ಲಿ ತಯಾರಾಗಿದೆ.

ರಟ್ಟಿನ ಪೆಟ್ಟಿಗೆಯ ಕಾರ್ಖಾನೆಗಿಂತ ಅದರ ಹಿಂದಿರುವ ರದ್ದಿ ವಿಂಗಡಣೆಯ ಶೆಡ್‌ಗಳಲ್ಲಿ ಮಕ್ಕಳು ಸಿಗುವ ಸಾಧ್ಯತೆ ಹೆಚ್ಚು. ಗೋದಾಮಿನ ಸೆಕ್ಯುರಿಟಿ ಗಾರ್ಡುಗಳನ್ನೂ ಮರೆಯಬೇಡಿ. ದಿನಕ್ಕೆ 12 ತಾಸು, ವಾರಕ್ಕೆ ಏಳು ದಿನ, ಅಸಲು ಅಂಕಪಟ್ಟಿ ಏಜೆನ್ಸಿಯ ಕಪಾಟಿನಲ್ಲಿ. ಇದು ನಿಮ್ಮ ಗೇಟಿನಲ್ಲೇ ಇರಬಹುದು.

ಕರಾರಿನಲ್ಲಿ ಮುಖ್ಯವಾಗಿ ಮೂರು ಮಾತು ಬರಲಿ: ಹೇಳದೆ ಬಂದು ನೋಡುವ ಹಕ್ಕು, ನಿಮ್ಮ ಒಪ್ಪಿಗೆಯಿಲ್ಲದೆ ಒಳಗುತ್ತಿಗೆ ಕೊಡಬಾರದೆಂಬ ಷರತ್ತು, ಬಿಲ್ಲು ಬಂದ 30 ದಿನದೊಳಗೆ ನೀವು ಹಣ ಕೊಡುವ ಭರವಸೆ. ಮೂರನೆಯದನ್ನು ಬರೆಯುವವರು ಕಡಿಮೆ. ನೀವು 90 ದಿನ ಹಣ ತಡೆದರೆ ಅವನು ಕೂಲಿ ತಡೆಯುತ್ತಾನೆ.

ಪ್ರಶ್ನೆ: ಮುಂದಿನ ತಿಂಗಳು ಮನೆ ಬದಲಿಸುತ್ತಿದ್ದೇವೆ. ಹಿಂದಿನ ಬಾರಿ ಬಂದ ತಂಡದಲ್ಲಿ ಹದಿಮೂರೋ ಹದಿನಾಲ್ಕೋ ವಯಸ್ಸಿನ ಹುಡುಗ ವಾಷಿಂಗ್ ಮೆಷಿನ್ ಹೊತ್ತಿದ್ದ. ಆಗ ಸುಮ್ಮನಿದ್ದೆ, ಈಗಲೂ ಮನಸ್ಸು ಚುಚ್ಚುತ್ತದೆ. ಗಿರಾಕಿಯಾಗಿ ನಾನೇನು ಮಾಡಬಹುದು? (ಗೃಹಿಣಿ, ಮೈಸೂರು)

ಉತ್ತರ: ಹುಡುಗನನ್ನು ಕಂಡರೆ ಅವನನ್ನಾಗಲಿ ಮೇಸ್ತ್ರಿಯನ್ನಾಗಲಿ ಅಲ್ಲೇ ವಿಚಾರಿಸಬೇಡಿ. ಒಳಗೆ ಹೋಗಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲಾರಿ ಸಂಖ್ಯೆ, ಸಾಮಾನು ಇಳಿಸುವ ವಿಳಾಸ, ಎಷ್ಟು ಹೊತ್ತು ಅಲ್ಲಿರುತ್ತಾರೆ ಎಂಬುದನ್ನು ಹೇಳಿ. ನಿಮ್ಮ ಹೊಸ ಮನೆಯ ವಿಳಾಸ ನಿಮಗೇ ಗೊತ್ತಿರುತ್ತದಲ್ಲ. ಅವರು ತಲುಪಲು ಅದು ಸಾಕು. 14 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, 20 ಸಾವಿರದಿಂದ 50 ಸಾವಿರದವರೆಗೆ ದಂಡ, ಅಥವಾ ಎರಡೂ. ‘ಆಧಾರ್‌ನಲ್ಲಿ 18 ಆಗಿದೆ’ ಎಂದು ತೋರಿಸಿದರೆ ನಂಬಬೇಕಿಲ್ಲ. ವಯಸ್ಸಿಗೆ ಮೊದಲು ನೋಡಬೇಕಾದ್ದು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ.

ಬುಕ್ ಮಾಡುವಾಗ ಕೇಳಿ: ಎಷ್ಟು ಜನ ಬರುತ್ತಾರೆ, ಅವರು ನಿಮ್ಮ ನೌಕರರೋ ಗುತ್ತಿಗೆಯವರೋ, ಅದೇ ದಿನ ಅವರಿಗೆ ಇನ್ನೊಂದು ಮನೆ ಇದೆಯೇ, ಸಾಮಾನು ಒಡೆದರೆ ವಿಮೆಯಿಂದ ಕೊಡುತ್ತೀರೋ ಹುಡುಗರ ಕೂಲಿಯಿಂದಲೋ? ‘ಐಬಿಎ ಅನುಮೋದಿತ’ ಎಂಬ ಬೋರ್ಡು ಇದಕ್ಕೆ ಉತ್ತರವಲ್ಲ. ಅದು ಬ್ಯಾಂಕುಗಳ ಸಂಘ ತನ್ನ ಉಪಯೋಗಕ್ಕೆ ಮಾಡಿಕೊಂಡ ಸಾಗಣೆದಾರರ ಪಟ್ಟಿ, ಕೂಲಿಗಾರರ ಸ್ಥಿತಿ ನೋಡಿ ಕೊಡುವಂಥದ್ದಲ್ಲ. ಮೂರು ಕಡೆ ದರ ಕೇಳಿದಾಗ ಒಬ್ಬರದು ಉಳಿದವರ ಅರ್ಧಕ್ಕೇ ಬಂದರೆ, ನಾಲ್ಕು ಜನರ ದಿನಗೂಲಿ, ಲಾರಿ ಬಾಡಿಗೆ, ಡೀಸೆಲ್ ಕೂಡಿಸಿ ನೋಡಿ. ಲೆಕ್ಕ ಹೊಂದದಿದ್ದರೆ ಅವರಿಗೆ ಕೊಡಬೇಡಿ. ಆದಷ್ಟು ತಿಂಗಳ 30, 31, 1ನೇ ತಾರೀಖು ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ. ಒಡೆದ ವಸ್ತುವಿಗೆ ದೂರು ಬರೆಯುವಾಗ ‘ವಿಮೆಯಿಂದ ಪರಿಹಾರ ಬೇಕು, ಯಾರ ಕೂಲಿಯಿಂದಲೂ ಹಿಡಿಯಬಾರದು’ ಎಂದು ಒಂದು ಸಾಲು ಸೇರಿಸಿ.

ಪ್ರಶ್ನೆ: ನಾನು ಯಾದಗಿರಿ ಕಡೆಯಾಂವ. ಬೆಂಗಳೂರಾಗ ಶಿಫ್ಟಿಂಗ್ ಕೆಲಸ. ಮೇಸ್ತ್ರಿ ಹತ್ರ ಅಕ್ಕನ ಮದಿವಿಗೆ 20 ಸಾವಿರ ತಗೊಂಡಿದ್ದೆ. ಹದಿನಾಕ ತಿಂಗಳು ದುಡಿದೀನಿ, ಇನ್ನೂ 26 ಸಾವಿರ ಬಾಕಿ ಅದ ಅಂತಾನ. ಆಧಾರ್, ಎಟಿಎಂ ಅವನ ಕಡಿ ಅವ. ಊರಿಗಿ ಹೋದ್ರ ನಿನ್ನ ತಮ್ಮನ್ನ ಎಳಕೊಂಡು ಬರ್ತೀನಿ ಅಂತಾನ. ಏನ್ ಮಾಡ್ಲಿ?

ಉತ್ತರ: ನೀವು ಈ 26 ಸಾವಿರ ಕೊಡಬೇಕಿಲ್ಲ. ಜೀತದ ಸಾಲ ಕಾನೂನಿನ ಲೆಕ್ಕದಲ್ಲಿ ಸಾಲವೇ ಅಲ್ಲ, 1976ರ ಕಾಯ್ದೆಯ 6ನೇ ಸೆಕ್ಷನ್ ಅದನ್ನು ಅಳಿಸಿ ಹಾಕಿದೆ. ಆ ಸಾಲಕ್ಕೆಂದು ಹಣ ಪಡೆದರೆ ಅದೇ ಅಪರಾಧ, 3 ವರ್ಷದವರೆಗೆ ಜೈಲು. ನಿಮ್ಮ ತಮ್ಮನಿಗೂ ಈ ಸಾಲಕ್ಕೂ ಯಾವ ಸಂಬಂಧವೂ ಇಲ್ಲ.

ಹೊರಡುವ ಮುಂಚೆ ಆದಷ್ಟು ಪುರಾವೆ ಕೂಡಿಸಿಕೊಳ್ಳಿ: ಬಾಕಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಹಾಳೆಯ ಫೋಟೊ, ಮೇಸ್ತ್ರಿ ಕಳಿಸಿದ ವಾಟ್ಸಾಪ್ ಧ್ವನಿ ಸಂದೇಶ, ನೀವು ಸಾಮಾನು ಸಾಗಿಸಿದ ಮನೆಗಳ ತಾರೀಖು, ಲಾರಿ ನಂಬರು, ಜೊತೆಗೆ ದುಡಿದವರ ಹೆಸರು. ಫೋಟೊ ತೆಗೆಯುವುದು ಅಪಾಯ ಅನಿಸಿದರೆ ಬೇಡ, ನೆನಪಿನಿಂದ ಬರೆದಿಟ್ಟರೂ ಆಗುತ್ತದೆ. ಸಾಬೀತು ಮಾಡುವ ಭಾರ ನಿಮ್ಮದಲ್ಲ. ಖಾಲಿ ಕಾಗದಕ್ಕೆ, ಸ್ಟ್ಯಾಂಪ್ ಪೇಪರಿಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ.

15100 ಉಚಿತ ಕಾನೂನು ನೆರವಿನ ನಂಬರು. ಅಲ್ಲಿ ಹೇಳಿದರೆ ವಕೀಲರ ಸಹಾಯ ಸಿಗುತ್ತದೆ, ಫೀಸು ಇಲ್ಲ. ಜೀತ ವಿಮುಕ್ತಿಗಾಗಿ ದುಡಿಯುವ ‘ಜೀವಿಕ’ದಂಥ ಸಂಘಟನೆಗಳ ಕಾರ್ಯಕರ್ತರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಅರ್ಜಿ ಕೊಡಬೇಕಾದ್ದು ನೀವು ದುಡಿಯುತ್ತಿರುವ ಜಾಗದ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಕಚೇರಿಗೆ. ಅರ್ಜಿಯಲ್ಲಿ ‘ಕೂಲಿ ಬಾಕಿ’ ಎಂದಷ್ಟೇ ಬರೆದರೆ ಅದನ್ನು ಕಾರ್ಮಿಕ ಇಲಾಖೆಗೆ ಕಳಿಸಿ ಸುಮ್ಮನಾಗಬಹುದು. ಮುಂಗಡ ಎಷ್ಟು, ಯಾವಾಗ ಪಡೆದದ್ದು, ಕೂಲಿ ಎಷ್ಟು ಸಿಗುತ್ತಿತ್ತು, ಬಿಟ್ಟು ಹೋಗದಂತೆ ಹೇಗೆ ತಡೆದ, ತಮ್ಮನ ಬಗ್ಗೆ ಏನೆಂದು ಹೆದರಿಸಿದ, ಕಾರ್ಡುಗಳು ಯಾರ ಬಳಿ ಇವೆ ಎಂದು ಒಂದೊಂದಾಗಿ ಬರೆಸಿ, ಮೇಲೆ ‘ಜೀತ ಪದ್ಧತಿ ರದ್ದತಿ ಕಾಯ್ದೆ, 1976’ ಎಂದು ಹಾಕಿಸಿ. ಹೊಡೆತ, ಕೂಡಿಹಾಕುವುದು ಇದ್ದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ.

ಅಧಿಕಾರಿಗಳು ವಿಚಾರಣೆ ಮಾಡಿ ಜೀತವೆಂದು ಕಂಡುಬಂದರೆ ಬಿಡುಗಡೆ ಪತ್ರ ಕೊಡುತ್ತಾರೆ. ಆ ಹಾಳೆಯನ್ನು ಬಿಡಬೇಡಿ, ಮುಂದಿನ ಎಲ್ಲ ನೆರವೂ ಅದರ ಮೇಲೆಯೇ ನಿಂತಿದೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಕೂಡಲೇ 30,000 ರೂಪಾಯಿವರೆಗೆ, ಆಮೇಲೆ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ ರೂಪಾಯಿ ನೆರವಿದೆ. ದೊಡ್ಡ ಮೊತ್ತ ಪ್ರಕರಣ ಸಾಬೀತಾದ ಮೇಲೆ ಬರುವುದರಿಂದ ತಡವಾಗುತ್ತದೆ. ನಿಮ್ಮ 14 ತಿಂಗಳ ಕೂಲಿಯಲ್ಲಿ ಉಳಿದದ್ದನ್ನು ಕೇಳುವ ಹಕ್ಕು ಇದರಿಂದ ಹೋಗುವುದಿಲ್ಲ, ಅದನ್ನು ಬೇರೆ ಅರ್ಜಿಯಾಗಿ ಕೊಡಿ.

ಎಟಿಎಂ ಕಾರ್ಡಿನ ಕೆಲಸವನ್ನು ಇವತ್ತೇ ಮಾಡಬಹುದು. ಬ್ಯಾಂಕಿಗೆ ಹೋಗಿ ಹಳೆಯ ಕಾರ್ಡ್ ಬ್ಲಾಕ್ ಮಾಡಿಸಿ, ಖಾತೆಗೆ ಯಾರ ಮೊಬೈಲ್ ನಂಬರ್ ಇದೆಯೆಂದು ಕೇಳಿ, ನಿಮ್ಮದನ್ನು ಹಾಕಿಸಿ, 14 ತಿಂಗಳ ಸ್ಟೇಟ್‌ಮೆಂಟ್ ತೆಗೆಸಿಕೊಳ್ಳಿ. ಕೂಲಿ ಯಾವ ದಿನ ಬಂತು, ಅದೇ ದಿನ ಯಾವ ಎಟಿಎಂನಲ್ಲಿ ಹೋಯಿತು ಎಂಬುದು ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ಅರ್ಜಿಯ ಜೊತೆ ಅದನ್ನೂ ಲಗತ್ತಿಸಿ, ಕಚೇರಿಯ ಮೊಹರು ಬಿದ್ದ ಒಂದು ಪ್ರತಿಯನ್ನು ಊರಿನಲ್ಲಿ ತಮ್ಮನ ಕೈಯಲ್ಲಿ ಕೊಟ್ಟಿಡಿ.